ಸಂಪುಟದ ಸಂಕಪ್ಪಣ್ಣ

ಯಾರು ಏನೇ ಕೇಳಲಿ, ಪುತ್ತಿಗೆಯ ಸಂಕಪ್ಪ ಅಡ್ಯಂತಾಯರು ಎದ್ದು ನಿಂತೇ ಉತ್ತರ ಕೊಡುತ್ತಾರೆ. ಗುರುವಾಯನಕೆರೆಯ ಹೋಟೆಲಿನಲ್ಲಿ ಬನ್ಸಿನ ತಟ್ಟೆ ಮುಂದಿಟ್ಟುಕೊಂಡು ಕುಳಿತಿರುವಾಗ ಸಪ್ಲಾಯರ್ ಬಂದು "ಚಾವಾ, ಕಾಫಿಯಾ?" ಎಂದು ಕೇಳಿದರೆ, ಎರಡೂ ಕೈಗಳನ್ನು ಮೇಜಿಗೆ ಊರಿ, ನಿಧಾನಕ್ಕೆ ಮೇಲೆದ್ದು, ಪಂಚೆಯ ಅಂಚು ಸರಿಪಡಿಸಿಕೊಂಡು, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯತ್ತ ಒಮ್ಮೆ ದೃಷ್ಟಿ ಹಾಯಿಸಿ, "ಚಾ. ಸಕ್ಕರೆ ಸ್ವಲ್ಪ ಕಡಿಮೆ" ಎಂದು ಸದನಕ್ಕೆ ಮಾಹಿತಿ ನೀಡುವ ಗಾಂಭೀರ್ಯದಲ್ಲಿ ತಿಳಿಸಿ ಮತ್ತೆ ಕುಳಿತುಕೊಳ್ಳುತ್ತಾರೆ. ಮೂಡುಬಿದಿರೆಯ ಡಾಕ್ಟರರೊಬ್ಬರು "ಕೂತಲ್ಲಿಂದ ಏಳುವಾಗ ಮಂಡಿ ನೋಯ್ತದಾ?" ಎಂದು ವಿಚಾರಿಸಿದಾಗ ಎದ್ದು ನಿಂತು, "ಹೌದು, ನೋಯ್ತದೆ" ಎಂದು ಹೇಳಿ ಕುಳಿತರಂತೆ. ಅವರ ಪತ್ನಿ ಲೋಲಾಕ್ಷಿಯಮ್ಮನಂತೂ ಮನೆಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾರೆ. "ಉಪ್ಪು ಸಾಕಾ ಅಂತ ಕೇಳಿದ್ರೂ ಎದ್ದು ನಿಲ್ತಾರೆ ಮಾರಾಯ್ರೆ. ಉಣ್ಣುವಾಗ ಮಧ್ಯದಲ್ಲಿ ಏಳಬಾರದಲ್ಲ, ಹಾಗೆ ನಾನೇ ಎಲೆ ಬದಿಗೆ ಉಪ್ಪು ಇಟ್ಟು ಸುಮ್ಮನಾಗ್ತೇನೆ" ಎಂದು ಅವರು ನನ್ನಲ್ಲಿ ಹೇಳಿದ್ದುಂಟು.

ಸಂಕಪ್ಪಣ್ಣ ಒಂದು ಕಾಲದಲ್ಲಿ ಮಂತ್ರಿಯಾಗಿದ್ದರು. ಎರಡು ವರ್ಷ ತುಂಬುವ ಮೊದಲೇ ಮಗುಚಿಕೊಂಡ ಒಂದು ಮೂರು ಕಾಲಿನ ಸಮ್ಮಿಶ್ರ ಸರಕಾರದಲ್ಲಿ, ಕರಾವಳಿಗೊಂದು ಸ್ಥಾನ ಕೊಡದಿದ್ದರೆ ಚೆನ್ನಾಗಿರುವುದಿಲ್ಲವೆಂಬ ಕಾರಣಕ್ಕೆ, ಯಾರಿಗೂ ಬೇಡವಾಗಿ ಉಳಿದಿದ್ದ ಮುದ್ರಣ ಮತ್ತು ಲೇಖನ ಸಾಮಗ್ರಿ ಖಾತೆಯನ್ನು ಅವರ ಮಡಿಲಿಗೆ ಹಾಕಿದ್ದರು. ವಿಧಾನಸಭೆಯಲ್ಲಿ ಮಂತ್ರಿಯಾದವನು ಕುಳಿತು ಉತ್ತರಿಸುವಂತಿಲ್ಲ. ಅಧಿಕಾರ ಹೋಯಿತು, ಗೂಟದ ಕಾರು ಹೋಯಿತು, ಮುಂದಿನ ಚುನಾವಣೆಯಲ್ಲಿ ಠೇವಣಿಯೂ ಹೋಯಿತು. ಏಳುವ ಅಭ್ಯಾಸವೊಂದು ಅವರ ಸವೆದ ಮಂಡಿಗಳಲ್ಲಿ ಉಳಿದುಬಿಟ್ಟಿತು. ನಾನು ಅವರ ನೆರೆಮನೆಯವನು, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಶಾಸಕಾಂಗ, ಕಾರ್ಯಾಂಗ ಎಂದು ಬೋರ್ಡಿನ ಮೇಲೆ ನಾನು ಬರೆದು ಅಳಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಕಾರ್ಯಾಂಗವೆಂಬುದು ಬೇಲಿಯಾಚೆ ನಿಂತು ನೀರು ಬಂತಾ ಎಂದು ವಿಚಾರಿಸುವುದನ್ನು ಕಂಡದ್ದು ಸಂಕಪ್ಪಣ್ಣ ನೆರೆಗೆ ಬಂದ ಮೇಲೆಯೇ.

ಅವರಲ್ಲೊಂದು ಕೋಟು ಉಂಟು. ಪ್ರಮಾಣವಚನಕ್ಕೆಂದು ಮೂಡುಬಿದಿರೆಯ ಟೈಲರ್ ನಿಝಾರ್ ಒಂದೇ ದಿನದಲ್ಲಿ ಹೊಲಿದುಕೊಟ್ಟ ಕತ್ತು ಮುಚ್ಚುವ ಕಪ್ಪು ಕೋಟು. ನಮ್ಮೂರಿನ ಸೆಖೆಗೂ ಆ ಕೋಟಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಆದರೂ ಮದುವೆ, ಸತ್ತವರ ಬೊಜ್ಜದೂಟ, ಶಾಲೆಯ ವಾರ್ಷಿಕೋತ್ಸವ ಯಾವುದೇ ಇರಲಿ, ಸಂಕಪ್ಪಣ್ಣ ಅದನ್ನು ತೊಟ್ಟು, ಬೆವರು ಕಿವಿಯ ಹಿಂದಿನಿಂದ ಹಳ್ಳದಂತೆ ಇಳಿಯುತ್ತಿದ್ದರೂ ಮೇಲಿನ ಗುಂಡಿ ಬಿಚ್ಚದೆ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ. ಕಳೆದ ವರ್ಷ ಅದನ್ನು ಚಿಕ್ಕದು ಮಾಡಿಸಲು ಹೋದಾಗ ನಾನೂ ಜೊತೆಗಿದ್ದೆ. ನಿಝಾರ್ ಟೇಪು ಹಿಡಿದು ಸುತ್ತು ಬಂದು, "ಕೋಟಿಗೆ ಎಂತ ಆಗ್ಲಿಲ್ಲ ಸಂಕಪ್ಪಣ್ಣ, ನಿಮ್ಮ ಹೆಗಲೇ ಇಳಿದದ್ದು. ಅದನ್ನು ನಾನು ಹೊಲಿಯುವುದು ಹೇಗೆ?" ಎಂದ. ಸಂಕಪ್ಪಣ್ಣ ನಕ್ಕರು. ನಗುವಾಗಲೂ ಅವರ ಮುಖದಲ್ಲಿ ಬಸ್ಸು ತಪ್ಪಿಸಿಕೊಂಡವನ ದಣಿವು ಇರುತ್ತದೆ.

ಮಂತ್ರಿಗಿರಿಯ ಬಗ್ಗೆ ಅವರು ಜಂಬ ಕೊಚ್ಚಿದ್ದನ್ನು ನಾನು ಕೇಳಿಲ್ಲ. "ಮಂತ್ರಿ ಅಂದ್ರೆ ಮದುವೆ ಮನೆ ಯಜಮಾನನ ಹಾಗೆ ಮಾಷ್ಟ್ರೇ. ಒಲೆಯ ಹತ್ತಿರ ಅವನನ್ನು ಯಾರೂ ಬಿಡುದಿಲ್ಲ. ಸೌಟು ಹಿಡಿಯುವವರು ಬೇರೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಬೈಗುಳ ಮಾತ್ರ ಅವನಿಗೆ" ಎನ್ನುತ್ತಿದ್ದರು. ಅಧಿಕಾರಕ್ಕೆ ಬಂದ ಮೊದಲ ವಾರ, ತಮ್ಮದೇ ಇಲಾಖೆಯ ಮುದ್ರಣಾಲಯದ ಸೋರುವ ಮಾಡು ರಿಪೇರಿ ಮಾಡಿಸಿ ಎಂದು ಕಡತದ ಮೇಲೆ ಹಸಿರು ಶಾಯಿಯಲ್ಲಿ ಬರೆದರಂತೆ. ಕಡತವು ಕಾರ್ಯದರ್ಶಿಯವರಲ್ಲಿಗೆ ಹೋಯಿತು, ಅಲ್ಲಿಂದ ಹಣಕಾಸು ಇಲಾಖೆಗೆ, ಅಲ್ಲಿಂದ "ಚರ್ಚಿಸಿ" ಎಂಬ ಒಕ್ಕಣೆಯೊಂದಿಗೆ ಲೋಕೋಪಯೋಗಿಗೆ, ಅಲ್ಲಿಂದ "ಮಳೆಗಾಲ ಮುಗಿದಿರುವುದರಿಂದ ತುರ್ತಿಲ್ಲ" ಎಂಬ ಅಭಿಪ್ರಾಯದೊಂದಿಗೆ ಹಿಂದಕ್ಕೆ. ಕೊನೆಗೆ ಮಾಡು ರಿಪೇರಿಯಾದದ್ದು ಇವರು ಮಾಜಿಯಾದ ಮೇಲೆ, ಉದ್ಘಾಟನೆಯ ಫಲಕದಲ್ಲಿ ಬೇರೆಯವರ ಹೆಸರು. ಅದರ ಬಗ್ಗೆ ಅವರಿಗೆ ಸಿಟ್ಟಿಲ್ಲ. "ಸೋರುದು ನಿಂತಿತಲ್ಲ, ಸಾಕು" ಎನ್ನುತ್ತಾರೆ.

ಒಮ್ಮೆ ಅವರನ್ನು ನಮ್ಮ ಕಾಲೇಜಿಗೆ ಕರೆಸಿದ್ದೆ. ಮೋಕ್ಷಿತಾ ಎಂಬ ಚುರುಕು ಹುಡುಗಿಯೊಬ್ಬಳು ಎದ್ದು, "ಸರ್, ನಿಜವಾಗಿ ಸರಕಾರ ಅಂದ್ರೆ ಯಾರು? ರಾಜ್ಯಪಾಲರಾ, ಮುಖ್ಯಮಂತ್ರಿಯಾ, ಅಧಿಕಾರಿಗಳಾ?" ಎಂದು ಕೇಳಿದಳು. ಸಂಕಪ್ಪಣ್ಣ ಅದಾಗಲೇ ನಿಂತಿದ್ದರು. ಇನ್ನೂ ನೆಟ್ಟಗಾಗಲು ನೋಡಿದರು. "ರಾಜ್ಯಪಾಲರು ಭಾಷಣದಲ್ಲಿ ‘ನನ್ನ ಸರಕಾರ’ ಅಂತಾರೆ. ಆ ಭಾಷಣ ಬರೆದು ಕೊಟ್ಟವರು ನಾವು. ನಾವು ‘ನಮ್ಮ ಸರಕಾರ’ ಅಂತೇವೆ. ನಮಗೆ ಟಿಪ್ಪಣಿ ಬರೆದು ಕೊಟ್ಟವರು ಅಧಿಕಾರಿಗಳು. ಅವರಲ್ಲಿ ಕೇಳಿದ್ರೆ ‘ಸರಕಾರದ ಆದೇಶ, ನಮ್ಮ ಕೈಯಲ್ಲಿ ಎಂತದೂ ಇಲ್ಲ’ ಅಂತಾರೆ. ನಾನು ಅಲ್ಲಿಯೇ ಇದ್ದೆ ಮಗಾ, ನನಗೂ ಸಿಗಲಿಲ್ಲ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ತಮಾಷೆಗೆ ಹೇಳಿದ್ದಲ್ಲವೆಂದು ನನಗೆ ಅನಿಸಿತು.

ಆದರೆ ಸಂಪುಟದ ಮಾತು ಬಂದರೆ ಮಾತ್ರ ಅವರ ದನಿ ಬದಲಾಗುತ್ತಿತ್ತು. ಅದು ಅವರಿಗೆ ಅರ್ಥವಾಗಿತ್ತು, ಅರ್ಥವಾಗಿದೆಯೆಂಬ ಹೆಮ್ಮೆಯೂ ಇತ್ತು. ವಾಮದಪದವಿನಾಚೆ ಅವರ ತರವಾಡು, ಎಂದರೆ ತಾಯಿಯ ಕಡೆಯ ಮೂಲಮನೆ. ನಮ್ಮ ಕಡೆಯ ಬಂಟರಲ್ಲಿ ಮನೆ ಹೆಣ್ಣಿನ ಕಡೆಗೆ ಹೋಗುವುದು, ಯಜಮಾನಿಕೆ ಅವಳ ಅಣ್ಣತಮ್ಮಂದಿರದು, ಸೋದರಮಾವನ ಮಾತೇ ಮಾತು. ಅಂಥ ಮನೆಯ ಚಾವಡಿಯಲ್ಲಿ ಕುಟುಂಬದ ಹಿರಿಯರು ಸೇರಿದರೆಂದರೆ ಕೈ ಕೈ ಮಿಲಾಯಿಸುವುದೊಂದು ಬಾಕಿ. ಆದರೆ ತೀರ್ಮಾನವಾಗಿ, ಯಜಮಾನರು ವೀಳ್ಯದ ಹರಿವಾಣವನ್ನು ಮುಂದಕ್ಕೆ ಸರಿಸಿದರೋ, ಅಲ್ಲಿಗೆ ಮುಗಿಯಿತು. ಆ ಮೇಲೆ ಅಂಗಳಕ್ಕಿಳಿದು "ನಾನು ಬೇಡ ಅಂದಿದ್ದೆ" ಎಂದವನು ಮನೆತನದ ಮಾನ ಕಳೆದವನು, ಅವನಿಗೆ ಮರುದಿನ ಚಾವಡಿಯಲ್ಲಿ ಚಾಪೆ ಹಾಸುವವರಿಲ್ಲ. ಈ ಕಟ್ಟುಪಾಡನ್ನು ಎದೆಹಾಲಿನೊಂದಿಗೆ ಕುಡಿದು ಬೆಳೆದ ಸಂಕಪ್ಪಣ್ಣನಿಗೆ, ಸಂಪುಟದ ಸಾಮೂಹಿಕ ಹೊಣೆಗಾರಿಕೆಯೆಂದರೇನೆಂದು ಅಧಿಕಾರಿಗಳು ವಿವರಿಸಲು ಬಂದಾಗ ನಗು ಬಂದಿತ್ತಂತೆ. "ಒಳಗೆ ಎಷ್ಟು ಬೇಕಾದ್ರೂ ಜಗಳ, ಹೊರಗೆ ಒಂದೇ ಮಾತು. ಇದನ್ನು ಇವರು ನಮಗೆ ಕಲಿಸುದಾ? ನಮ್ಮ ಚಾವಡಿಯೇ ಮಾಷ್ಟ್ರೇ ಅದು. ಮೇಜು ಮಾತ್ರ ದೊಡ್ಡದು" ಎಂದು ಅವರು ನನಗೆ ಹೇಳಿದಾಗ ನಾನೂ ತಲೆದೂಗಿದ್ದೆ. ಪಾಠದ ಪುಸ್ತಕದಲ್ಲಿ ಇಷ್ಟು ಚೆಂದದ ಉದಾಹರಣೆ ಇರಲಿಲ್ಲ.

ಅವರ ಬಾಳನ್ನು ಕೆಡಿಸಿದ್ದು ಇದೇ ತಿಳಿವಳಿಕೆ.

ಆ ಸರಕಾರ ಬಂದ ಮೊದಲ ವರ್ಷ ವಾಮದಪದವಿನ ಕಡೆಗೆ ನೂರು ಹಾಸಿಗೆಯ ಆಸ್ಪತ್ರೆಯೊಂದು ಮಂಜೂರಾಗಿತ್ತು. ಸಂಕಪ್ಪಣ್ಣನ ಅಕ್ಕ ಕಾಂತಿಯವರು ಮನೆಯ ಮುಂದಿನ ಬಾಕಿಮಾರು ಗದ್ದೆಯನ್ನು ಅದಕ್ಕೆ ದಾನವಾಗಿ ಬರೆದುಕೊಟ್ಟರು. ಅವರ ತಾಯಿ ಜ್ವರ ನೆತ್ತಿಗೇರಿ ಮಂಗಳೂರಿಗೆ ಸಾಗಿಸುವ ದಾರಿಯಲ್ಲಿ, ಬಂಟ್ವಾಳ ಪೇಟೆ ದಾಟುವ ಮೊದಲೇ ಜೀಪಿನಲ್ಲಿ ಕಣ್ಣು ಮುಚ್ಚಿದ್ದರು. ಆ ಜೀಪಿನಲ್ಲಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು ಕಾಂತಿಯಕ್ಕ. ಗದ್ದೆ ಕೊಟ್ಟಷ್ಟಕ್ಕೆ ಅವರು ಸುಮ್ಮನಾಗಲಿಲ್ಲ. ಆಸ್ಪತ್ರೆಗೆ ದಾರಿ ಬೇಕಿತ್ತು, ದಾರಿಗೆ ಅಡ್ಡವಾಗಿ ಬೀಡಿ ಕಟ್ಟಿ ಬದುಕುವ ನಬೀಸಾಳ ಅಂಗಳವಿತ್ತು. ಕಾಂತಿಯಕ್ಕ ತಾವೇ ಹೋಗಿ ಅವಳ ಜಗಲಿಯಲ್ಲಿ ಕುಳಿತು, "ನನ್ನ ತಮ್ಮ ಮಂತ್ರಿ, ನಾನು ಮಾತು ಕೊಡ್ತೇನೆ" ಎಂದು ಒಪ್ಪಿಸಿದರು. ಅರ್ಧ ಅಂಗಳ ಸರಕಾರದ ಹೆಸರಿಗಾಯಿತು. ನಬೀಸಾಳ ಬಸಳೆ ಚಪ್ಪರ ಕಿತ್ತರು, ಫಲ ಬಿಡುವ ಹಲಸಿನ ಮರ ಕಡಿದರು, ಅಂಗಳದ ಅರ್ಧಕ್ಕೆ ಜಲ್ಲಿ ಸುರಿದರು.

ಅಷ್ಟರಲ್ಲಿ ಸರಕಾರದ ಮೂರನೆಯ ಕಾಲಿಗೆ ಮುನಿಸು ಬಂತು. ಬೆರಳೆಣಿಕೆಯ ಶಾಸಕರಿದ್ದ ಆ ಪಕ್ಷಕ್ಕೆ ಬಯಲುಸೀಮೆಯ ತಮ್ಮ ಊರಿಗೊಂದು ಆಸ್ಪತ್ರೆ ಬೇಕಿತ್ತು. ಇಲ್ಲದಿದ್ದರೆ ಬೆಂಬಲ ಹಿಂತೆಗೆಯುತ್ತೇವೆ ಎಂದರು. ಹೊಸತು ಕೊಡಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಸಂಪುಟ ಸೇರಿತು, ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು, ವಾಮದಪದವಿನ ಆಸ್ಪತ್ರೆ ಬಯಲುಸೀಮೆಗೆ ಹೋಗಿತ್ತು. ವಿಧಾನಸಭೆಯಲ್ಲಿ ಗದ್ದಲವೆದ್ದಾಗ ಉತ್ತರಿಸಬೇಕಾದವರು ಆರೋಗ್ಯ ಸಚಿವರು. ಆದರೆ ಸಂಪುಟವೆಲ್ಲ ಒಂದೇ ಆದ್ದರಿಂದ ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರಿಸಬಹುದಲ್ಲ. ಆ ದಿನ ಆರೋಗ್ಯ ಸಚಿವರಿಗೆ ಆರೋಗ್ಯ ಸರಿಯಿಲ್ಲವಾಯಿತು. "ನಿಮ್ಮ ಜಿಲ್ಲೆಯ ವಿಷಯ. ನೀವು ಹೇಳಿದ್ರೆ ಜನ ನಂಬ್ತಾರೆ" ಎಂದು ಮುಖ್ಯಮಂತ್ರಿಗಳು ಸಂಕಪ್ಪಣ್ಣನ ಬೆನ್ನು ತಟ್ಟಿದರಂತೆ. ಸಂಕಪ್ಪಣ್ಣ ಕಪ್ಪು ಕೋಟಿನಲ್ಲಿ ಎದ್ದು ನಿಂತು, ಅಧಿಕಾರಿಗಳು ಬರೆದುಕೊಟ್ಟಿದ್ದ ಉತ್ತರವನ್ನು, ನಮ್ಮ ಕಡೆಯವರು ಕನ್ನಡ ಓದುವಾಗಿನ ಆ ಬಿಡಿಸಿ ಬಿಡಿಸಿ ಓದುವ ಸ್ಪಷ್ಟತೆಯಲ್ಲಿ ಓದಿದರು. ವಿರೋಧ ಪಕ್ಷದವರೊಬ್ಬರು, "ಮಾನ್ಯ ಸಚಿವರಿಗೆ ವೈಯಕ್ತಿಕವಾಗಿ ಇದು ಒಪ್ಪಿಗೆಯೇ?" ಎಂದು ಕೆಣಕಿದರು. ಸಂಕಪ್ಪಣ್ಣ ಮತ್ತೆ ಎದ್ದರು. "ಮಾನ್ಯ ಸಭಾಧ್ಯಕ್ಷರೇ, ಸರಕಾರಕ್ಕೆ ಒಪ್ಪಿಗೆಯಾದದ್ದು ನನಗೂ ಒಪ್ಪಿಗೆ."

ಆ ಒಂದು ವಾಕ್ಯವನ್ನು ಟೀವಿಯವರು ಇಡೀ ದಿನ ತೋರಿಸಿದರು. ಕಾಂತಿಯಕ್ಕ ಅದನ್ನು ಚಾವಡಿಯಲ್ಲಿ ಕುಳಿತು ನೋಡಿದರು. ಆ ಮೇಲೆ ಅವರು ತಮ್ಮನೊಡನೆ ಮಾತಾಡಲಿಲ್ಲ.

ಮಾತು ಬಿಡುವುದೆಂದರೆ ನಮ್ಮಲ್ಲಿ ಕೂಗಾಟವಿಲ್ಲ, ಬಾಗಿಲು ಹಾಕುವುದಿಲ್ಲ. ಕಾಂತಿಯಕ್ಕನ ಮಗಳು ತೃಪ್ತಿಯ ಮದುವೆಗೆ ಸಂಕಪ್ಪಣ್ಣನಿಗೂ ಊರವರಿಗೆ ಬಂದಂತೆಯೇ ಕಾಗದ ಬಂತು. ಧಾರೆಯ ಹೊತ್ತಿಗೆ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಕಾಂತಿಯಕ್ಕ ದೂರದ ಸಂಬಂಧಿಯೊಬ್ಬರನ್ನು ಕರೆದು ನಿಲ್ಲಿಸಿದರು. ಸಂಕಪ್ಪಣ್ಣ ಮಂಟಪದೆದುರು ಊರ ಜನರ ನಡುವೆ ಕುಳಿತು ಅಕ್ಷತೆ ಹಾಕಿ, ಬಫೆಯ ಸಾಲಿನಲ್ಲಿ ನಿಂತು ಉಂಡು, ಮನೆಗೆ ಬಂದರು. ಲೋಲಾಕ್ಷಿಯಮ್ಮ ಅತ್ತರು, ಅವರು ಅಳಲಿಲ್ಲ. ಆದರೆ ಅದಾದ ಮೇಲೆ ಅವರ ನಡಿಗೆ ನಿಧಾನವಾಯಿತು. ದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ಯಾರೋ ಕರೆದರೇನೋ ಎಂಬಂತೆ ಹಿಂದಿರುಗಿ ನೋಡುತ್ತಾರೆ. ಯಾರೂ ಕರೆದಿರುವುದಿಲ್ಲ.

ಹೀಗೆ ವರ್ಷಗಳು ಉರುಳಿದವು. ಊರವರ ಬೈಗುಳಕ್ಕೂ ಕಾಲಕ್ರಮದಲ್ಲಿ ತುಕ್ಕು ಹಿಡಿಯಿತು. ಮೊನ್ನೆ ಮೊನ್ನೆ, ಅಂದಿನ ಆ ಆರೋಗ್ಯ ಸಚಿವರು ಯಾವುದೋ ಯೂಟ್ಯೂಬ್ ಚಾನೆಲ್ಲಿನವರ ಮುಂದೆ ಕುಳಿತು ಹಳೆಯ ಕತೆಗಳನ್ನು ಬಿಚ್ಚುತ್ತಾ ಹೇಳಿದರು: "ಆ ದಿನ ಸಂಪುಟದಲ್ಲಿ ಹದಿನೆಂಟು ಜನ ಇದ್ವಿ. ಬೇಡ ಅಂದೋರು ಒಬ್ರೇ, ಆ ಮಂಗಳೂರು ಕಡೆ ಸಂಕಪ್ಪ. ಮೇಜು ಕುಟ್ಟಿ ಕೂಗಾಡಿಬಿಟ್ರು. ಆಮೇಲೆ ಪಾಪ, ಅವರ ಬಾಯಲ್ಲೇ ಸದನದಲ್ಲಿ ಉತ್ತರ ಹೇಳಿಸಿದ್ವಿ ನೋಡಿ." ಹೇಳಿ ಅವರು ನಕ್ಕರು.

ಆ ತುಣುಕು ಒಂದೇ ಸಂಜೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೊಬೈಲುಗಳನ್ನೆಲ್ಲ ಸುತ್ತಿತು. ಮರುದಿನ ವಾಮದಪದವಿನ ಯುವಕ ಮಂಡಲದ ಉಜ್ವಲ್ ನಾಲ್ಕಾರು ಮಂದಿಯೊಂದಿಗೆ ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದ. "ಸಂಕಪ್ಪಣ್ಣ, ನಾವು ನಿಮ್ಮನ್ನು ತಪ್ಪು ತಿಳ್ಕೊಂಡದ್ದು. ನೀವು ಬೇಡ ಅಂದದ್ದು ಹೌದಲ್ಲ?" ಎಂದು ಕೇಳಿದ. ಸಂಕಪ್ಪಣ್ಣ ಎದ್ದು ನಿಂತರು. "ಅವರಿಗೆ ವಯಸ್ಸಾಗಿದೆ. ನೆನಪು ತಪ್ಪಿರಬೇಕು. ಅದು ನಮ್ಮೆಲ್ಲರ ತೀರ್ಮಾನ" ಎಂದು ಹೇಳಿ ಶಾಲನ್ನು ಹಿಂದಕ್ಕೆ ಕೊಟ್ಟರು. ಹುಡುಗರು ಪೆಚ್ಚಾಗಿ ಹೋದರು. ನನ್ನ ಕಣ್ಣು ಒದ್ದೆಯಾಯಿತು. ರಾಜ್ಯಪಾಲರೆದುರು ಗೋಪ್ಯತೆಯ ಪ್ರಮಾಣ ಮಾಡಿದವರು ನೂರಾರು ಮಂದಿ, ಅದನ್ನು ಪತ್ರಿಕೆಯವರಿಗೆ ಉಪ್ಪಿನಕಾಯಿಯಂತೆ ಬಡಿಸಿದವರೂ ಅಷ್ಟೇ ಮಂದಿ. ಮಾತಿಗೆ ನಿಂತವನೊಬ್ಬ ನನ್ನ ಬೇಲಿಯಾಚೆ ಇದ್ದಾನಲ್ಲ ಎಂದು ಹೆಮ್ಮೆಪಟ್ಟೆ.

ಆ ವಾರವೇ ಕಾಂತಿಯಕ್ಕನ ಫೋನು ಬಂತು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಸಂಕಪ್ಪಣ್ಣ ಕೋಟು ತೊಟ್ಟು ಬೇಲಿಯ ಬಳಿ ನಿಂತಿದ್ದರು. "ಅಕ್ಕ ಬರ್ಲಿಕ್ಕೆ ಹೇಳಿದ್ದಾರೆ. ಬೇರೆ ಎಂತದೂ ಮಾತಾಡ್ಲಿಲ್ಲ, ‘ಬಾ’ ಅಂತ ಮಾತ್ರ. ನಿಮ್ಮ ಕಾರಿನಲ್ಲಿ ಹೋಗುವನಾ ಮಾಷ್ಟ್ರೇ? ಒಬ್ಬನೇ ಹೋಗ್ಲಿಕ್ಕೆ ನನಗೆ ಧೈರ್ಯ ಸಾಲುದಿಲ್ಲ" ಎಂದರು. ಮುಖದಲ್ಲಿ ಮದುವೆಗೆ ಹೊರಟ ಮಗುವಿನ ಹುರುಪು. ನಾನೂ ಹಾಗೆಯೇ ಭಾವಿಸಿದ್ದೆ. ಅಕ್ಕನಿಗೆ ನಿಜ ತಿಳಿಯಿತು, ಇನ್ನು ತಮ್ಮನನ್ನು ಕೂರಿಸಿ ಬಡಿಸುತ್ತಾರೆ, ಇದರಲ್ಲಿ ಅನುಮಾನಕ್ಕೆ ಎಡೆಯೆಲ್ಲಿ? ದಾರಿಯುದ್ದಕ್ಕೂ ಅವರು ಅಕ್ಕ ಮಾಡುವ ಕೋಳಿಸಾರಿನ ಕೋರಿರೊಟ್ಟಿಯ ಬಗ್ಗೆ ಮಾತಾಡಿದರು.

ಕಾಂತಿಯಕ್ಕ ಚಾವಡಿಯ ಕಂಬಕ್ಕೊರಗಿ ಕುಳಿತಿದ್ದರು. ಸಣಕಲು ದೇಹ, ನೆಟ್ಟ ನೋಟ, ತಮ್ಮನದೇ ಮೂಗು. ನೀರು-ಬೆಲ್ಲ ತರಿಸಿದರು. ನಾವು ಕುಡಿದು ಮುಗಿಸುವವರೆಗೂ ಕಾದರು.

"ಅವ ಮೊಬೈಲಲ್ಲಿ ಹೇಳಿದ್ದು ಹೌದಾ?"

"ಅವರಿಗೆ ವಯಸ್ಸಾಗಿದೆ ಅಕ್ಕ..."

"ನಿನಗೂ ಆಗಿದೆ, ನನಗೂ ಆಗಿದೆ. ಹೌದಾ, ಅಲ್ಲವಾ?"

ಸಂಕಪ್ಪಣ್ಣ ಎದ್ದು ನಿಂತರು. ಅವರು ಪ್ರಶ್ನೆಗೆ ಉತ್ತರಿಸದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾಂತಿಯಕ್ಕನಿಗೆ ಅಷ್ಟು ಸಾಕಾಯಿತು.

"ಇಷ್ಟು ವರ್ಷ ನಾನು ಎಂತ ಗ್ರಹಿಸಿದ್ದೆ ಗೊತ್ತುಂಟಾ? ನನ್ನ ತಮ್ಮ ಪೆದ್ದ, ದೊಡ್ಡವರು ಎಂತದೋ ಹೇಳಿ ನಂಬಿಸಿದ್ರು, ಇವ ನಂಬಿದ ಅಂತ. ಪೆದ್ದನಿಗೆ ಒಂದಲ್ಲ ಒಂದು ದಿನ ಕ್ಷಮೆ ಉಂಟು. ನಾನು ಸಾಯುವುದರೊಳಗೆ ನಿನ್ನನ್ನು ಕರೆಸಬೇಕು ಅಂತ ಇದ್ದೆ. ಈಗ ನೋಡಿದ್ರೆ ನಿನಗೆ ಎಲ್ಲ ಗೊತ್ತಿತ್ತು. ತಪ್ಪು ಅಂತ ಗೊತ್ತಿದ್ದೇ, ಎಲ್ಲರೆದುರು ನಿಂತು ಸರಿ ಅಂತ ಹೇಳಿದ್ದಿ."

ನಾನು ಬೆಚ್ಚಿಬಿದ್ದೆ. ಊರೆಲ್ಲ ಶಾಲು ಹೊದಿಸಲು ಹೊರಟ ಸಂಗತಿಯನ್ನು ಈ ಹೆಂಗಸು ತಿರುಗಿಸಿ ಹಿಡಿದಿದ್ದರು, ತಿರುಗಿಸಿದ ಮೇಲೆ ಅದು ಹಾಗೆಯೇ ಕಾಣುತ್ತಿತ್ತು. ಸಂಕಪ್ಪಣ್ಣನ ಮುಖ ನೋಡಿದೆ. ಅಲ್ಲಿ ಆಶ್ಚರ್ಯವಿರಲಿಲ್ಲ. ಇದು ಎಂದಾದರೂ ಬರುವುದೆಂದು ಅವರಿಗೆ ತಿಳಿದಿತ್ತು. ಹುಡುಗರ ಶಾಲನ್ನು ಹಿಂದಿರುಗಿಸಿದ್ದರ ಹಿಂದೆ ಪ್ರಮಾಣವಚನದಷ್ಟೇ ಈ ಭಯವೂ ಇತ್ತೆಂದು ನನಗೆ ಆಗ ಹೊಳೆಯಿತು.

"ಚಾವಡಿಯ ಮಾತು ಅಂಗಳಕ್ಕೆ ತರಬಾರದು ಅಂತ ನಮ್ಮ ಮಾವನೇ ಕಲಿಸಿದ್ದಲ್ವಾ ಅಕ್ಕ?" ಎಂದರು ಮೆಲ್ಲಗೆ.

"ಚಾವಡಿಯಾ!" ಕಾಂತಿಯಕ್ಕ ನೆಲವನ್ನು ಅಂಗೈಯಿಂದ ತಟ್ಟಿದರು. "ಇಲ್ಲಿ ಮಾತಲ್ಲಿ ಸೋತವ ಮರುದಿನ ಇಲ್ಲಿಯೇ ಕೂತು ಗಂಜಿ ಉಣ್ಣಬೇಕು. ಹುಟ್ಟಿದ ಮನೆ, ಬಿಟ್ಟು ಹೋಗುದೆಲ್ಲಿಗೆ? ಅದಕ್ಕೆ ಬಾಯಿ ಮುಚ್ಚಿ ಒಟ್ಟಿಗೆ ಇರುವ ಅಂತ ಹಿರಿಯರು ಕಟ್ಟು ಮಾಡಿದ್ದು. ನಿನ್ನ ಸಂಪುಟದಲ್ಲಿ ನೀನು ಹುಟ್ಟಿದ್ದಾ? ಒಪ್ಪಿಗೆ ಇಲ್ಲದವ ಎದ್ದು ಹೊರಗೆ ಬರ್ಲಿಕ್ಕೆ ಅಲ್ಲಿ ಬಾಗಿಲು ಇರ್ಲಿಲ್ವಾ, ಸಂಕಪ್ಪ?"

ಒಪ್ಪಲಾರದ ಸಚಿವ ರಾಜೀನಾಮೆ ಕೊಡತಕ್ಕದ್ದು, ಕೊಡದೆ ಉಳಿದರೆ ತೀರ್ಮಾನ ಅವನದೂ ಹೌದು. ನನ್ನ ಪಾಠದಲ್ಲಿ ಅದು ಎರಡು ಸಾಲು, ಪರೀಕ್ಷೆಯಲ್ಲಿ ಎರಡು ಅಂಕ. ಚಾವಡಿಯಲ್ಲಿ ಗಾಳಿಯೇ ಇರಲಿಲ್ಲ. ಸಂಕಪ್ಪಣ್ಣ ಕೋಟಿನ ಮೇಲಿನ ಗುಂಡಿ ಬಿಚ್ಚಿದರು.

"ಇತ್ತು" ಎಂದರು. "ಬಾಗಿಲು ಇತ್ತು ಅಕ್ಕ. ನಾನು ಎದ್ದು ಬಂದ್ರೆ ಸರಕಾರ ಬೀಳ್ತದೆ ಅಂತ ಮುಖ್ಯಮಂತ್ರಿ ಹೇಳಿದ್ರು. ಅದು ಸುಳ್ಳಲ್ಲ. ಆದ್ರೆ ನಾನು ಕೂತದ್ದು ಅದಕ್ಕಲ್ಲ. ಒಮ್ಮೆ ಬಿಟ್ರೆ ಮತ್ತೆ ಯಾರು ಕರೀತಾರೆ ಅಂತ ಹೆದರಿಕೆ. ಕುರ್ಚಿ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಕಾಂತಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಇಷ್ಟು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?" ಎಂದರು. ದನಿಯಲ್ಲಿ ಸಿಟ್ಟು ಇಳಿದು ಆಯಾಸ ಮಾತ್ರ ಉಳಿದಿತ್ತು. "ನನಗೆ ಹೇಳಿದ್ದು ಆಯ್ತು. ನಾನು ಗದ್ದೆ ಕೊಟ್ಟದ್ದು ತಮ್ಮನನ್ನು ನಂಬಿ, ಅವಳು ಅಂಗಳ ಕೊಟ್ಟದ್ದು ನನ್ನ ಮಾತಿಗೆ. ಹೋಗಿ ನಬೀಸಾಳಲ್ಲಿ ಹೇಳಿ ಬಾ. ಆಮೇಲೆ ಊಟಕ್ಕೆ ಕೂರುವ."

ಗದ್ದೆಯ ಬದುವಿನಾಚೆ ನಬೀಸಾಳ ಮನೆ. ಗದ್ದೆಯಲ್ಲಿ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದಿತ್ತು. ಅಂಗಳದ ಅರ್ಧದಿಂದ ಹೊರಟ ಜಲ್ಲಿ ರಸ್ತೆ ಗಿಡಗಳೊಳಗೆ ಹೊಕ್ಕು ಅಲ್ಲಿಯೇ ಮುಗಿದುಹೋಗಿತ್ತು. ನಬೀಸಾ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಸಂಕಪ್ಪಣ್ಣ ಜಲ್ಲಿಯ ಮೇಲೆ ನಿಂತೇ ಹೇಳಬೇಕಾದದ್ದನ್ನು ಹೇಳಿದರು.

"ನೀವು ಬೇಡ ಅಂದದ್ದನ್ನು ಸೊಸೆ ಮೊಬೈಲಲ್ಲಿ ತೋರಿಸಿದ್ಳು" ಎಂದಳು ನಬೀಸಾ, ಕೈ ನಿಲ್ಲಿಸದೆ.

"ಬೇಡ ಅಂದೆ. ಆಮೇಲೆ ಹೌದು ಅಂದೆ. ಹೌದು ಅಂದದ್ದೇ ಲೆಕ್ಕ."

ನಬೀಸಾ ಕಟ್ಟಿದ ಬೀಡಿಯ ತುದಿ ಮಡಚಿ ಮೊರಕ್ಕೆ ಹಾಕಿದಳು. "ಹಾಗಾದ್ರೆ ಆ ಜಾಗ ನನಗೆ ವಾಪಸ್ ಮಾಡ್ಸಿ ಕೊಡಿ. ಬಸಳೆಗೆ ಚಪ್ಪರ ಹಾಕ್ಲಿಕ್ಕುಂಟು. ಆಸ್ಪತ್ರೆ ಇನ್ನು ಬರುದಿಲ್ಲ, ಅದು ನನಗೆ ಗೊತ್ತುಂಟು." ಬೈಗುಳವಿಲ್ಲ, ಕಣ್ಣೀರಿಲ್ಲ. ಬೈದಿದ್ದರೆ ಸಂಕಪ್ಪಣ್ಣನಿಗೆ ಹಗುರವಾಗುತ್ತಿತ್ತೇನೋ.

ಊಟಕ್ಕೆ ಕಾಂತಿಯಕ್ಕ ಅವರನ್ನು ಚಾವಡಿಯಲ್ಲಿ ಕೂರಿಸಿದರು. ಕೋರಿರೊಟ್ಟಿ ಇರಲಿಲ್ಲ, ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ಎರಡನೆಯ ಸಲ ಬಡಿಸುವಾಗ "ಬೇಕಾ?" ಎಂದು ಕೇಳಿದರು, ಅಷ್ಟೆ.

ಅಂದಿನಿಂದ ಸಂಕಪ್ಪಣ್ಣ ಬಂಟ್ವಾಳದ ತಾಲೂಕು ಕಚೇರಿಗೆ ಅಲೆಯುತ್ತಿದ್ದಾರೆ, ಅರ್ಧ ಅಂಗಳಕ್ಕಾಗಿ. ಕೆಲವು ಸಲ ಕಾರಿನಲ್ಲಿ ನಾನೇ ಬಿಡುತ್ತೇನೆ, ಕೆಲವು ಸಲ ಬಸ್ಸಿನಲ್ಲಿ ಹೋಗುತ್ತಾರೆ. ಕಳೆದ ಬಾರಿ ಕಡತ ತಿರುವುತ್ತಿದ್ದ ಗುಮಾಸ್ತರು ಬೇಸತ್ತು, "ಯಾವ ಪುಣ್ಯಾತ್ಮ ಮಾಡಿದ ತೀರ್ಮಾನವೋ ಇದು!" ಎಂದು ಗೊಣಗಿದರು. "ನಾನು" ಎಂದರು ಸಂಕಪ್ಪಣ್ಣ. ಗುಮಾಸ್ತರಿಗೆ ಏನೂ ಅರ್ಥವಾಗಲಿಲ್ಲ. ಮುದುಕನಿಗೆ ಅರುಳು ಮರುಳು ಎಂದುಕೊಂಡಿರಬೇಕು. ಕನ್ನಡಕ ತೆಗೆದು ಸಮಾಧಾನವಾಗಿ ವಿವರಿಸಿದರು: "ಒಮ್ಮೆ ಸರಕಾರದ ಹೆಸರಿಗೆ ಆದ ಜಾಗ ಅಜ್ಜೆರೇ. ತಹಶೀಲ್ದಾರರು ಕೊಡ್ಲಿಕ್ಕೆ ಆಗುದಿಲ್ಲ, ಜಿಲ್ಲಾಧಿಕಾರಿಗಳೂ ಕೊಡ್ಲಿಕ್ಕೆ ಆಗುದಿಲ್ಲ. ಇದು ಮೇಲೆ ಹೋಗಿ, ಸಂಪುಟದಲ್ಲಿಯೇ ತೀರ್ಮಾನ ಆಗ್ಬೇಕು."

ಆ ಹದಿನೆಂಟು ಮಂದಿಯಲ್ಲಿ ಕೆಲವರು ತೀರಿಕೊಂಡರು, ಕೆಲವರು ಪಕ್ಷ ಬದಲಿಸಿ ಮತ್ತೆ ಮಂತ್ರಿಗಳಾದರು, ಒಬ್ಬರು ಕ್ಯಾಮೆರಾದ ಮುಂದೆ ನಗುತ್ತಿದ್ದಾರೆ. ಹೊಣೆ ಎಲ್ಲರದೆಂದು ಬರೆದಿಟ್ಟ ವ್ಯವಸ್ಥೆಯಲ್ಲಿ ಹೊರೆ ಕಡೆಗೆ ಒಬ್ಬಿಬ್ಬರ ಹೆಗಲಿಗೇ ಬಂದು ಕೂರುತ್ತದೆ, ಅದೂ ಮನಸ್ಸಾಕ್ಷಿಯ ಕಾಟ ಪೂರ್ತಿ ಬಿಡದವರ ಹೆಗಲಿಗೆ. ಇಂಥವರನ್ನು ಧೀರರೆನ್ನಲು ನನಗೆ ನಾಲಿಗೆ ಏಳುವುದಿಲ್ಲ, ದ್ರೋಹಿಗಳೆನ್ನಲು ಮನಸ್ಸು ಒಪ್ಪುವುದಿಲ್ಲ. ಬೇಡವೆಂದು ಗಟ್ಟಿಯಾಗಿಯೇ ಹೇಳಿ, ಆ ಮೇಲೆ ಅಲ್ಲಿಯೇ ಉಳಿದುಕೊಳ್ಳುವವರು ಇವರು. ನಮ್ಮ ಮನೆಗಳು, ಕಚೇರಿಗಳು, ಸರಕಾರಗಳು ಮುರಿದು ಬೀಳದೆ ನಡೆಯುವುದು ಇವರಿಂದಲೇ. ಅಲ್ಲಿ ಆಗಬಾರದ್ದು ಆಗುವುದೂ ಇವರಿಂದಲೇ.